ಇಂದಿನ ಕಲಾವಿದರ ಕೆಲಸ, ನಮ್ಮೂರ ಪರದೆ ಮೇಲೆ

ಕಲಾವಿದರ ಬಗ್ಗೆ ಸಿನಿಮಾ ತೋರಿಸುತ್ತೇನೆ ಎಂದು ಯಾವ ಶಾಲೆಗೆ ಹೋದರೂ ಹೆಡ್‌ಮೇಷ್ಟ್ರು ಮೊದಲು ಕೇಳುವುದು, 'ಎಷ್ಟು ಹೊತ್ತಾಗುತ್ತೆ?' ಆಮೇಲೆ, 'ದುಡ್ಡೆಷ್ಟು?' ಯಾರ ಬಗ್ಗೆ ಸಿನಿಮಾ ಅನ್ನೋದು ಕೊನೆಗೆ ಬರುತ್ತದೆ, ಬಂದರೆ. ಅವರದೇನೂ ತಪ್ಪಿಲ್ಲ. ಸಿಲಬಸ್ ಮುಗಿಯಬೇಕು, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬರಬೇಕು. ಚಿತ್ರಕಲೆ ಪೀರಿಯಡ್ಡನ್ನು ಗಣಿತದವರು ಆಗಲೇ ಕೇಳಿ ತೆಗೆದುಕೊಂಡಿರುತ್ತಾರೆ. ಹಾಗಾಗಿ ನನ್ನ ಉತ್ತರವೂ ರೆಡಿ: 'ಎರಡು ಪೀರಿಯಡ್ ಸಾಕು ಸಾರ್. ಸಿನಿಮಾ ಹದಿನೈದೇ ನಿಮಿಷ. ಉಳಿದದ್ದು ಮಕ್ಕಳದ್ದು.'

ನಾನು ಓದಿದ್ದು ದಾವಣಗೆರೆಯಲ್ಲಿ, ಚಿತ್ರಕಲೆ. ಹೊಟ್ಟೆಪಾಡಿಗೆ ಶಿವಮೊಗ್ಗದಲ್ಲಿ ಮದುವೆ, ಗೃಹಪ್ರವೇಶದ ವಿಡಿಯೋ ಮಾಡುತ್ತೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ. ಆಗ ಅದೇ ಕ್ಯಾಮೆರಾ ಹಿಡಿದು ಈಗ ಕೆಲಸ ಮಾಡುತ್ತಿರುವ ಕಲಾವಿದರನ್ನು ಶೂಟ್ ಮಾಡುತ್ತೇನೆ. ಬೇರೆಯವರು ಮಾಡಿದ ಚಿತ್ರಗಳನ್ನೂ ಸೇರಿಸಿಕೊಂಡು ಹೈಸ್ಕೂಲು, ಪಿಯು ಕಾಲೇಜು, ಮಹಿಳಾ ಸಂಘಗಳಲ್ಲಿ ತೋರಿಸುತ್ತೇನೆ. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದಾ ಎಂದು ಕೇಳುವವರು ಈಗಲೂ ಇದ್ದಾರೆ. ನಮ್ಮ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆಯವರು 1973ರಲ್ಲೇ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ದರು. ಆ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿದೆ, ಮತ್ತೆ ನಾನು ಹೇಳುವುದು ಬೇಡ.

ನನಗೆ ದಾರಿ ತೋರಿಸಿದ್ದು ನ್ಯೂಯಾರ್ಕಿನ ಆರ್ಟ್ 21 ಸಂಸ್ಥೆಯ ಚಿತ್ರಗಳು. 1997ರಲ್ಲಿ ಶುರುವಾದ ಸಂಸ್ಥೆ ಅದು. 2001ರಿಂದ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಅವರ ಸರಣಿ ಬರುತ್ತಿದೆ. ಅದರಲ್ಲಿ ವಿವರಣೆ ಕೊಡುವ ಗಡಸು ದನಿ ಇಲ್ಲ. ಕಲಾವಿದರೇ ಮಾತಾಡುತ್ತಾರೆ, ಮಾತಾಡುತ್ತಾ ಕೆಲಸ ಮಾಡುತ್ತಾರೆ. ನೋಡಿದ ಮೇಲೆ ನನಗೆ ಒಂದು ಖಾತ್ರಿಯಾಯಿತು. ಕಲಾವಿದರನ್ನು ಹೊಗಳುವ ಸಿನಿಮಾ ಶಾಲೆಯಲ್ಲಿ ನಡೆಯುವುದಿಲ್ಲ. ಕೈಕೆಲಸ ತೋರಿಸುವ ಸಿನಿಮಾ ಎಲ್ಲಿ ಬೇಕಾದರೂ ನಡೆಯುತ್ತದೆ. 'ಇವರು ಖ್ಯಾತರು, ಇಷ್ಟು ಪ್ರಶಸ್ತಿ' ಎಂದು ಶುರುವಾದರೆ ಹಿಂದಿನ ಬೆಂಚು ಎರಡನೇ ನಿಮಿಷಕ್ಕೇ ಹೋಯಿತು ಅಂತ ಲೆಕ್ಕ. ಅದೇ ಒಬ್ಬರು ಸುಮ್ನೆ ಕೂತು ಹಗ್ಗ ಹೊಸೆಯುತ್ತಿದ್ದರೆ ಎಲ್ಲರೂ ನೋಡುತ್ತಾರೆ.

ಹಗ್ಗ ಅಂದೆನಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ 'ಬಿಹೋಲ್ಡ್' ಎಂಬ ಕೆಲಸದ ಫೋಟೋಗಳನ್ನು ನಾನು ತಪ್ಪದೆ ತೋರಿಸುತ್ತೇನೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ, ಅದರಲ್ಲಿ ನೇತುಬಿಟ್ಟ 20 ಕಾರ್ ಬಂಪರ್‌ಗಳು. 2009ರ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಇಟ್ಟಿದ್ದರು. ವೆನಿಸ್ ಯಾವ ದೇಶದಲ್ಲಿದೆ ಎಂದು ಗೊತ್ತಿಲ್ಲದ ಹುಡುಗನೂ 'ಸಾರ್, ಇದು ದೃಷ್ಟಿ ಆಗಬಾರದು ಅಂತ ಗಾಡಿಗೆ ಕಟ್ಟೋದು' ಎಂದು ಹೇಳಿಬಿಡುತ್ತಾನೆ. ಇನ್ನೊಬ್ಬಳು, ಕೂದಲು ದೇವಸ್ಥಾನದಲ್ಲಿ ಮುಡಿ ಕೊಟ್ಟದ್ದಿರಬೇಕು ಎನ್ನುತ್ತಾಳೆ. ಅಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಕಾರಿನ ಭಾರವಾದ ಲೋಹವನ್ನು ಅಷ್ಟು ತೆಳ್ಳನೆಯ ಕೂದಲು ಹೊತ್ತಿದೆ ಎಂಬುದನ್ನು ಅವರೇ ಕಂಡು ಹೇಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಬಾಯಿ ಮುಚ್ಚಿಕೊಳ್ಳುವುದಕ್ಕೂ ಒಂದು ಪದ್ಧತಿ ಇದೆ. ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸೆನ್ ಎಂಬ ಇಬ್ಬರು ರೂಪಿಸಿದ್ದು. ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತಿದ್ದೀಯ? ಇನ್ನೇನು ಕಾಣುತ್ತೆ? ಎರಡನೇ ಪ್ರಶ್ನೆಯೇ ಇದರ ಜೀವ. ಮಗು ಊಹೆ ಹೊಡೆಯುವುದನ್ನು ಬಿಟ್ಟು ಮತ್ತೆ ಚಿತ್ರದ ಕಡೆ ತಿರುಗುತ್ತದೆ. ನಾನು ಸಿನಿಮಾ ಹಾಕುವ ಮುಂಚೆ ಒಂದು ಫೋಟೋ ಇಟ್ಟು ಹತ್ತು ನಿಮಿಷ ಹೀಗೆ ಮಾತಾಡಿಸುತ್ತೇನೆ. ಆಮೇಲೆ ಸಿನಿಮಾ. ತಾವು ಹೇಳಿದ್ದು ಸರಿಯಾ ಎಂದು ನೋಡುವ ಆಸೆಗೇ ಗಮನ ಕೊಟ್ಟು ಕೂರುತ್ತಾರೆ. ಸಿನಿಮಾ ಮುಗಿದ ಮೇಲೆ ಚರ್ಚೆ ಇಟ್ಟರೆ ಬೆಲ್ಲಿನ ಕಡೆಗೇ ಕಿವಿ.

ಇನ್ನು ಕತ್ತಲೆಯ ವಿಷಯ. ಶಾಲೆಯಲ್ಲಿ ಪ್ರೊಜೆಕ್ಟರ್ ಇರುತ್ತದೆ, ಬೀರುವಿನಲ್ಲಿ ಬೀಗ ಹಾಕಿಟ್ಟಿರುತ್ತಾರೆ, ಕೀ ಯಾರ ಹತ್ತಿರವೋ. ಹಾಗಾಗಿ ನನ್ನದನ್ನೇ ಒಯ್ಯುತ್ತೇನೆ. 3,000 ಲ್ಯೂಮೆನ್ಸ್ (ಅದು ಬೆಳಕಿನ ಅಳತೆ) ಪ್ರೊಜೆಕ್ಟರ್ ಸಂಜೆ ಹೊತ್ತು ಸಾಕು. ಹಗಲಲ್ಲಿ, ಬಾಗಿಲಿಲ್ಲದ ಕಿಟಕಿಗಳಿರುವ ಹಾಲ್‌ನಲ್ಲಿ ಏನೇನೂ ಕಾಣುವುದಿಲ್ಲ. ಅಡಿಕೆ ಮುಚ್ಚುವ ಕಪ್ಪು ಟಾರ್ಪಾಲ್ ಊರಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನೇ ಕಿಟಕಿಗೆ ಕಟ್ಟಿಸುತ್ತೇನೆ. ಒಳಗೆ ಬೇಯುತ್ತದೆ, ಅದಕ್ಕೇ ಹದಿನೈದು ನಿಮಿಷದ ಮೇಲೆ ಸಿನಿಮಾ ಹಾಕುವುದಿಲ್ಲ. ಪರದೆಗೆ ಸುಣ್ಣ ಬಳಿದ ಗೋಡೆ ಸಿಕ್ಕರೆ ಒಳ್ಳೆಯದು. ಪಂಚೆ ಗಾಳಿಗೆ ಅಲ್ಲಾಡುತ್ತದೆ, ಜೊತೆಗೆ ಚಿತ್ರವೂ.

ಸದ್ದಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಗಣಪತಿ ಪೆಂಡಾಲಿನ ದೊಡ್ಡ ಸ್ಪೀಕರ್ ತಂದಿಟ್ಟು 'ಸೂಪರ್ ಸೌಂಡ್ ಸಾರ್' ಎನ್ನುತ್ತಾರೆ. ಅದರಲ್ಲಿ ಬರೀ ಗುಡುಗು ಬರುತ್ತದೆ, ಮಾತು ಬರುವುದಿಲ್ಲ. ಭಾಷಣಕ್ಕೆ ಬಳಸುವ ಸಣ್ಣ ಸ್ಪೀಕರೇ ಸರಿ. ಅದನ್ನು ಪರದೆಯ ಪಕ್ಕದಲ್ಲೇ ಇಡಬೇಕು. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬುವ ಹಾಗಿಲ್ಲ, ಇನ್ವರ್ಟರ್ ಜೊತೆಗಿರಲಿ. ಇಂಟರ್ನೆಟ್ಟಿನಿಂದ ನೇರ ಹಾಕುವ ಧೈರ್ಯ ಬೇಡ. ಫೈಲ್ ಲ್ಯಾಪ್‌ಟಾಪಿನಲ್ಲೂ ಇರಲಿ, ಪೆನ್‌ಡ್ರೈವಿನಲ್ಲೂ ಇರಲಿ.

ಭಾಷೆಯದ್ದು ದೊಡ್ಡ ತಲೆನೋವು. ಒಳ್ಳೆಯ ಚಿತ್ರಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಸಬ್‌ಟೈಟಲ್ ಹಾಕುವವರಿಗೆ ಒಂದೆರಡು ಮಾತು. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅದಕ್ಕೆ ನಾನು ಎಡಿಟಿಂಗ್‌ನಲ್ಲೇ ಅಕ್ಷರಗಳನ್ನು ಚಿತ್ರದ ಮೇಲೆ ಅಚ್ಚು ಹಾಕಿಬಿಡುತ್ತೇನೆ. ಸಾಲುಗಳ ನಡುವೆ ಜಾಗ ಜಾಸ್ತಿ, ಹಿಂದೆ ಕಪ್ಪು ಪಟ್ಟಿ. ಕಲಾವಿದರು ಹೇಳಿದ ಪ್ರತಿ ಮಾತನ್ನೂ ಹಾಕುವುದಿಲ್ಲ. ಎಂಟನೇ ಕ್ಲಾಸಿನ ಮಗು ಓದುತ್ತಾ ಕೂತರೆ ಕೈಯ ಕೆಲಸ ನೋಡುವುದು ಯಾವಾಗ? ಇನ್ನೂ ಚಿಕ್ಕವರಿದ್ದರೆ ಸಬ್‌ಟೈಟಲ್ ಬಿಟ್ಟು, ವಾಲ್ಯೂಮ್ ತಗ್ಗಿಸಿ, ಮೈಕಿನಲ್ಲಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಕಲಾವಿದರು ಸುಮ್ಮನಿದ್ದಾಗ ನಾನೂ ಸುಮ್ಮನಿರಬೇಕು, ಅದೊಂದು ಶಿಸ್ತು.

ಭಾಷೆಯ ತಾಪತ್ರಯವೇ ಬೇಡ ಅನ್ನುವವರಿಗೆ ಮಾತು ಕಡಿಮೆ ಇರುವ ಚಿತ್ರಗಳಿವೆ. ಚಿತ್ರಕಾರ ಎಂ.ಎಫ್. ಹುಸೇನ್ 1967ರಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಷನ್‌ಗಾಗಿ ರಾಜಸ್ಥಾನದಲ್ಲಿ ಒಂದು ಕಿರುಚಿತ್ರ ಮಾಡಿದ್ದರು. ಕೊಡೆ, ಲಾಂದ್ರ, ಚಪ್ಪಲಿ ಬಂದು ಹೋಗುತ್ತವೆ, ಕತೆ ಅಂತ ಏನೂ ಇಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂತು ಅದಕ್ಕೆ. ದೊಡ್ಡವರು 'ಇದರ ಅರ್ಥ ಏನು' ಎಂದು ತಲೆ ಕೆರೆದುಕೊಳ್ಳುತ್ತಾರೆ, ಮಕ್ಕಳಿಗೆ ಆ ಚಿಂತೆ ಇಲ್ಲ.

ಅನುಮತಿ ಮರೆಯಬೇಡಿ. ಯೂಟ್ಯೂಬಿನಲ್ಲಿ ಇದೆ ಎಂದ ಮಾತ್ರಕ್ಕೆ ಊರ ಮುಂದೆ ಹಾಕುವ ಹಕ್ಕು ನಮ್ಮದಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಶಾಲೆಗಳಿಗೆ ಒಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯಾಗಿ ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು ಇಂಥವರ ಮುಂದೆ ಮಾತ್ರ ತೋರಿಸಿದರೆ ನಡೆಯುತ್ತದೆ. ಬಸ್‌ಸ್ಟ್ಯಾಂಡ್ ಪಕ್ಕದ ಮೈದಾನದಲ್ಲಿ ಹಾಕಿದರೆ ಅದು ಬೇರೆ ಲೆಕ್ಕ. ಎಲ್ಲಿ, ಯಾರಿಗೆ, ಟಿಕೆಟ್ ಇಲ್ಲ ಎಂದು ಬರೆದು ಒಂದು ಮೇಲ್ ಹಾಕಿ. ನನಗೆ ಬಂದ ಉತ್ತರಗಳಲ್ಲಿ ಬೇಡ ಅಂದದ್ದು ಅಪರೂಪ. ಉತ್ತರವೇ ಬಾರದಿದ್ದರೆ ಆ ಚಿತ್ರ ಕೈಬಿಡುತ್ತೇನೆ.

ನೋಡಿದ ಮೇಲೆ ಮಾಡಬೇಕು. ನನಗೆ ತುಂಬಾ ಕೈಹಿಡಿದದ್ದು ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಅವರ ವಿಧಾನ. ಇದ್ದಿಲಿನಲ್ಲಿ ಒಂದು ಚಿತ್ರ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಒಂದಿಷ್ಟು ಅಳಿಸಿ ತಿದ್ದುತ್ತಾರೆ, ಮತ್ತೆ ಫೋಟೋ. ಒಂದೇ ಹಾಳೆ, ಸಾವಿರ ಬದಲಾವಣೆ. ಅಳಿಸಿದ್ದರ ಮಸುಕು ಕಲೆ ಹಾಗೇ ಉಳಿಯುತ್ತದೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೆ ಹಾಳೆ ಗಲೀಜಾಗಬಾರದು ಎಂದು ಹೇಳಿಕೊಟ್ಟಿರುತ್ತಾರೆ. ಇಲ್ಲಿ ಗಲೀಜೇ ಚೆಂದ ಎಂದಾಗ ಅವರ ಮುಖ ನೋಡಬೇಕು!

ಶಾಲೆಯಲ್ಲಿ ಮಾಡುವ ಲೆಕ್ಕ ಹೀಗೆ. ಸೆಕೆಂಡಿಗೆ 12 ಫೋಟೋ. ಒಂದೊಂದು ಬದಲಾವಣೆಗೆ ಎರಡೆರಡು ಫೋಟೋ ತೆಗೆದರೆ 10 ಸೆಕೆಂಡಿನ ಸಿನಿಮಾಕ್ಕೆ 60 ಬದಲಾವಣೆ. 30 ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಎರಡು ಸರದಿ. ದಪ್ಪ ಹಾಳೆ ಗೋಡೆಗೆ ಅಂಟಿಸಿ. ಎದುರಿಗೆ ಒಂದು ಬೆಂಚು, ಅದರ ಮೇಲೆ ಪುಸ್ತಕ ಪೇರಿಸಿ ಫೋನ್ ನಿಲ್ಲಿಸಿ. ಫೋನಿನ ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಪ್ರತಿ ಮಗು ಅಡ್ಡ ಬಂದಾಗಲೂ ಬೆಳಕು ಏರಿಳಿಯುತ್ತದೆ. ಕಿಟಕಿ ಬೆಳಕನ್ನು ನಂಬಬೇಡಿ, ಒಂದು ಮೋಡ ಸಾಕು ಕೆಡಿಸಲು. ಆ ಟಾರ್ಪಾಲ್ ಹೇಗೂ ಕಟ್ಟಿರುತ್ತದಲ್ಲ, ಬಿಚ್ಚದೆ ಒಂದು ಬಲ್ಬ್ ಹಾಕಿಕೊಳ್ಳಿ. ಒಲೆಯ ಇದ್ದಿಲು ಗರಗರ ಅನ್ನುತ್ತದೆ, ಹಾಳೆ ಕೆರೆಯುತ್ತದೆ, ಆದರೂ ನಡೆಯುತ್ತದೆ. ಒಂದು ಶಾಲೆಯಲ್ಲಿ ಮಕ್ಕಳು ಬಸ್ಸು ಬರೆದರು. ಬಸ್ಸು ಬರುತ್ತದೆ, ಜನ ಹತ್ತುತ್ತಾರೆ, ಬಸ್ಸು ಹೋಗುತ್ತದೆ, ಒಬ್ಬ ಮುದುಕ ಅಲ್ಲೇ ಉಳಿಯುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಮುದುಕನನ್ನು ಅಳಿಸಲು ಮರೆತರಂತೆ!

ನಾನೇ ಮಾಡುವ ಚಿತ್ರಗಳ ಬಗ್ಗೆ ಸ್ವಲ್ಪ. ಮದುವೆ ವಿಡಿಯೋದ ಕೈ ಇದಕ್ಕೆ ಆಗಿ ಬರುವುದಿಲ್ಲ. ಅಲ್ಲಿ ಎಲ್ಲದಕ್ಕೂ ಹಾಡು, ಎಲ್ಲದಕ್ಕೂ ಸ್ಲೋ ಮೋಷನ್. ಇಲ್ಲಿ ಉಳಿಯ ಸದ್ದೇ ಬೇಕು. 'ನಿಮ್ಮ ಕಲೆಯ ಸಂದೇಶ ಏನು' ಎಂದು ಕೇಳಿದರೆ ಯಾರೇ ಆದರೂ ಭಾಷಣ ಶುರು ಮಾಡುತ್ತಾರೆ. ಈ ಕಲ್ಲು ಎಲ್ಲಿಂದ ತಂದಿರಿ, ಇದು ಯಾಕೆ ಅರ್ಧಕ್ಕೆ ನಿಂತಿದೆ, ಇದನ್ನು ಎತ್ತಲು ಎಷ್ಟು ಜನ ಬೇಕಾಯಿತು ಎಂದು ಕೇಳಿ. ಮಾತು ತಾನಾಗಿ ಬರುತ್ತದೆ.

ಖರ್ಚು ನನ್ನ ಜೇಬಿನದೇ ಜಾಸ್ತಿ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಒಂದು ದಾರಿ ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 'ಕಲಿ-ಕಲಿಸು' ಹೆಸರಿನಲ್ಲಿ ಕಲೆಯನ್ನು ಪಾಠದೊಳಗೆ ತರುವ ಕೆಲಸಕ್ಕೆ ನೆರವು ಕೊಡುತ್ತಾ ಬಂದಿದೆ. ವಿಚಾರಿಸಿ ನೋಡಿ.

ಎಲ್ಲಕ್ಕಿಂತ ಜಾಸ್ತಿ ನಾನು ಕಲಿತದ್ದು ಸಾಗರ ತಾಲ್ಲೂಕಿನ ಒಂದು ಮಹಿಳಾ ಸಂಘದಲ್ಲಿ. ದೀವರ ಸಮುದಾಯದ ಹೆಂಗಸರು, ಹಸೆ ಚಿತ್ತಾರ ಬರೆಯುವವರು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟು, ಪುಂಡಿ ನಾರಿನ ಕುಂಚ. ಅವರಿಗೆ ಶೀಲಾ ಗೌಡ ಅವರ ಸಗಣಿಯ ಕೆಲಸಗಳನ್ನೂ, ಸೂಜಿಗಳಿಗೆ ಪೋಣಿಸಿದ ದಾರಕ್ಕೆ ಕುಂಕುಮ ಬಳಿದು ಮಾಡಿದ ಕೆಂಪು ಹಗ್ಗಗಳನ್ನೂ ತೋರಿಸಿದೆ. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ 'ನೇಷನ್ಸ್' ಕೂಡ ಇತ್ತು. ಸಾಲುಸಾಲು ಹೊಲಿಗೆ ಮಷಿನ್, ಒಂದೊಂದರಲ್ಲೂ ಒಂದೊಂದು ದೇಶದ ಬಾವುಟ, ಎಲ್ಲೆಲ್ಲೂ ಸಿಕ್ಕು ಬಿದ್ದ ದಾರ. ಕಲಾ ಕಾಲೇಜಿನಲ್ಲಾದರೆ ಮೊದಲ ಪ್ರಶ್ನೆ 'ಕಾನ್ಸೆಪ್ಟ್ ಏನು?' ಇಲ್ಲಿ ಬಂದ ಪ್ರಶ್ನೆಯೇ ಬೇರೆ. ಸಗಣಿಗೆ ಹುಳ ಹಿಡಿಯುವುದಿಲ್ಲವೇ? ಅಷ್ಟು ಸೂಜಿಗೆ ಪೋಣಿಸಿದ್ದು ಒಬ್ಬರೇನಾ? ಹೊಲಿಯುವವರಿಗೆ ಕೂಲಿ ಎಷ್ಟು? ಆ ಕೊನೆಯ ಪ್ರಶ್ನೆ ಚಿತ್ರದ ಹೊಟ್ಟೆಗೇ ಕೈ ಹಾಕಿತ್ತು. ದೇಶಗಳ ಬಾವುಟ ಹೊಲಿಯುವ ಕೈಗಳು ಯಾರವು ಎಂಬುದು ಅಲ್ಲಿ ಕಾಣುವ ವಿಷಯವೇ ಅಲ್ವಾ?

ಆಮೇಲೆ ಒಬ್ಬರು ಹಿರಿಯರು ನನ್ನನ್ನೇ ಹಿಡಿದುಕೊಂಡರು. 'ತಮಾ, ನಮ್ಮ ಹಸೇನೂ ಶೂಟ್ ಮಾಡ್ತೀಯಾ?' ಮಾಡ್ತೇನೆ ಅಮ್ಮ ಎಂದೆ. 'ಹಂಗಾರೆ ಆ ದಿನ ನಾನು ತೋಟದ ಕೆಲಸಕ್ಕೆ ಹೋಗಕ್ಕಾಗಲ್ಲ. ಅದರ ಕೂಲಿ ಯಾರು ಕೊಡ್ತಾರೆ?' ಈಗ ನನ್ನ ಬಜೆಟ್ಟಿನ ಮೊದಲ ಸಾಲಿನಲ್ಲೇ ಕಲಾವಿದರ ದಿನಗೂಲಿ ಇರುತ್ತದೆ, ಪೆಟ್ರೋಲ್, ಇನ್ವರ್ಟರ್ ಬಾಡಿಗೆ ಅದರ ಕೆಳಗೆ. ಶೂಟಿಂಗ್ ಎಷ್ಟು ದಿನ, ದಿನಕ್ಕೆ ಎಷ್ಟು, ಚಿತ್ರವನ್ನು ಎಲ್ಲೆಲ್ಲಿ ತೋರಿಸಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿ, ಇಬ್ಬರೂ ಸಹಿ ಮಾಡಿ, ಒಂದು ಪ್ರತಿ ಅವರ ಕೈಗೆ ಕೊಟ್ಟ ಮೇಲೆಯೇ ಕ್ಯಾಮೆರಾ ಬ್ಯಾಗ್ ಬಿಚ್ಚುತ್ತೇನೆ.