ಥಂಡಿ ಮನೆಗೆ ಎಷ್ಟು ಲೀಟರ್ ಡಿಹ್ಯೂಮಿಡಿಫೈಯರ್ ಬೇಕು?

ಮ್ಯಾಂಚೆಸ್ಟರ್‌ಗೆ ಹೊಸದಾಗಿ ಬಂದ ನಮ್ಮವರು ನವೆಂಬರ್ ಹೊತ್ತಿಗೆ ಕೇಳುವ ಪ್ರಶ್ನೆ ಇದು. ಡಿಹ್ಯೂಮಿಡಿಫೈಯರ್ ಅಂದರೆ ಕೋಣೆಯ ಗಾಳಿಯಿಂದ ತೇವ ಎಳೆದು ಟ್ಯಾಂಕಿಗೆ ತುಂಬಿಸುವ ಮೆಷಿನ್. ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಮೇಲೆಲ್ಲಾ ನೀರು. ಬೀರುವಿನ ಹಿಂದೆ ಗೋಡೆಗೆ ಕಪ್ಪು ಚುಕ್ಕೆ. ಕೋಟಿನಿಂದ ಮುಗ್ಗಲು ವಾಸನೆ.

ನಮ್ಮ ಮೊದಲ ಬಾಡಿಗೆ ಮನೆ ನೂರು ವರ್ಷ ದಾಟಿದ ಟೆರೇಸ್ ಮನೆ, ಅಂದರೆ ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲೊಂದು. ಅಂಥ ಮನೆಗಳ ಇಟ್ಟಿಗೆ ಗೋಡೆಗೆ ನಡುವೆ ಟೊಳ್ಳು ಇರುವುದಿಲ್ಲ, ಹೊರಗಿನ ಚಳಿ ನೇರ ಒಳಗೆ ಇಳಿಯುತ್ತದೆ. ಒಳಗಿನ ಬೆಚ್ಚನೆ ಗಾಳಿ ಆ ಗೋಡೆಗೆ ತಾಗಿದರೆ ಅದರಲ್ಲಿನ ತೇವ ನೀರಾಗುತ್ತದೆ, ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವ ಹಾಗೆ. ಅಮ್ಮ ಕೊಟ್ಟ ಮೈಸೂರು ರೇಷ್ಮೆ ಸೀರೆ ಹೊರಗೋಡೆಗೆ ಒತ್ತಿ ನಿಂತ ಬೀರುವಿನಲ್ಲಿತ್ತು. ಯುಗಾದಿಗೆ ಅಂತ ತೆಗೆದರೆ ಮಡಿಕೆಯುದ್ದಕ್ಕೂ ಬಿಳಿ ಬೂಷ್ಟು. ಆ ದಿನ ಅತ್ತುಬಿಟ್ಟೆ.

ಮೆಷಿನ್ ತರುವ ಮೊದಲು ಒಂದು ವಿಷಯ ನೋಡಿ. ತೇವ ಗೋಡೆಯ ಬುಡದಿಂದ ಏರುತ್ತಿದೆಯಾ, ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾಗುತ್ತಾ? ಹಾಗಿದ್ದರೆ ಅದು ಸೋರಿಕೆ. ಎಷ್ಟು ದೊಡ್ಡ ಮೆಷಿನ್ ಇಟ್ಟರೂ ನಿಲ್ಲುವುದಿಲ್ಲ. ಫೋಟೋ ತೆಗೆದು ಮನೆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅಂತ 2018ರ ಕಾಯ್ದೆಯೇ ಹೇಳುತ್ತದೆ, ತೇವದ ವಿಷಯವೂ ಅದರಲ್ಲಿ ಸೇರಿದೆ. ಹೆದರಬೇಡಿ.

ಸೋರಿಕೆ ಅಲ್ಲದಿದ್ದರೆ ಆ ನೀರು ನಮ್ಮದೇ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಕುಕ್ಕರಿನ ಹಬೆ, ಬಿಸಿನೀರ ಸ್ನಾನ. ಎಲ್ಲಕ್ಕಿಂತ ಜಾಸ್ತಿ ಬಟ್ಟೆ. ಒಂದು ಲೋಡ್ ಬಟ್ಟೆ ಒಳಗೆ ಒಣಗಿದರೆ ಸುಮಾರು 2 ಲೀಟರ್ ನೀರು ಗಾಳಿಗೆ ಸೇರುತ್ತದೆ. ಹಾಗಾಗಿ ಮನೆ ಎಷ್ಟು ಚದರಡಿ ಅಂತ ಮಾತ್ರ ನೋಡಬೇಡಿ. ಎಷ್ಟು ಜನ ಇದ್ದೀರಿ, ವಾರಕ್ಕೆ ಎಷ್ಟು ಸಲ ಬಟ್ಟೆ ಒಗೆಯುತ್ತೀರಿ ಅಂತಲೂ ಲೆಕ್ಕ ಹಾಕಿ.

ಡಬ್ಬದ ಮೇಲಿನ 12 ಲೀಟರ್, 20 ಲೀಟರ್ ಅಂದರೆ ಟ್ಯಾಂಕಿನ ಅಳತೆಯಲ್ಲ, ದಿನಕ್ಕೆ ಎಳೆಯುವ ನೀರು. ಫ್ರಿಜ್ಜಿನ ಹಾಗೆ ಗಾಳಿಯನ್ನು ತಣ್ಣಗಾಗಿಸಿ ನೀರಿಳಿಸುವ ಕಂಪ್ರೆಸರ್ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಅದನ್ನು 30 ಡಿಗ್ರಿ ಬಿಸಿ, ಶೇ 80 ತೇವಾಂಶದಲ್ಲಿ ಅಳೆದಿರುತ್ತಾರೆ. ಅದು ಹೆಚ್ಚುಕಡಿಮೆ ಮಂಗಳೂರಿನ ಹವೆ. ನಮ್ಮ 18 ಡಿಗ್ರಿಯ ಕೋಣೆಯಲ್ಲಿ ಅದರ ಅರ್ಧ ಸಿಕ್ಕರೂ ಹೆಚ್ಚೇ. ಅಮೆರಿಕದಲ್ಲಿರುವವರಿಗೆ ಲೆಕ್ಕ ಪಿಂಟ್‌ಗಳಲ್ಲಿ (ಒಂದು ಪಿಂಟ್ ಸುಮಾರು ಅರ್ಧ ಲೀಟರ್). ಅಲ್ಲಿ 2019ರಿಂದ ಮೊದಲಿಗಿಂತ ತಣ್ಣನೆ ಹವೆಯಲ್ಲಿ ಅಳೆಯುತ್ತಾರೆ. ಹಾಗಾಗಿ ಹಳೆಯ 70 ಪಿಂಟಿನ ಮೆಷಿನ್ ಈಗ 50 ಪಿಂಟ್ ಅನ್ನಿಸಿಕೊಳ್ಳುತ್ತದೆ. ಹಳೆಯದು, ಹೊಸದು ಹೋಲಿಸುವಾಗ ಇದನ್ನು ಮರೆಯಬೇಡಿ.

ನನ್ನ ಅನುಭವದಲ್ಲಿ, ಇಬ್ಬರೇ ಇರುವ ಒಂದೆರಡು ಬೆಡ್‌ರೂಮ್ ಫ್ಲ್ಯಾಟಿಗೆ 12 ಲೀಟರ್ ಸಾಕು. ಮಕ್ಕಳಿರುವ ಮೂರು ಬೆಡ್‌ರೂಮ್ ಮನೆಗೆ, ಬಟ್ಟೆ ಒಳಗೇ ಒಣಗಿಸುವುದಾದರೆ, 20 ಲೀಟರ್ ತಗೊಳ್ಳಿ. ಎರಡರ ನಡುವೆ ಅನುಮಾನ ಬಂದರೆ ದೊಡ್ಡದೇ ಇರಲಿ. ತೇವ ಇಳಿದಾಗ ತಾನಾಗಿ ನಿಲ್ಲುವುದರಿಂದ ಕರೆಂಟ್ ಬಿಲ್ ಅಷ್ಟೇನೂ ಏರುವುದಿಲ್ಲ. ಭಾರ ಮಾತ್ರ ಜಾಸ್ತಿ, ಮಹಡಿಗೆ ಹೊತ್ತು ಹತ್ತಿಸುವುದು ಕಷ್ಟ.

40 ಪೌಂಡಿಗೆ ಸಿಗುವ ಪುಟ್ಟ ಮೆಷಿನ್ ಕಡೆ ಹೋಗಲೇಬೇಡಿ. ನಾನು ಮೊದಲು ತಂದಿದ್ದು ಅದನ್ನೇ. ಅದರಲ್ಲಿ ಕಂಪ್ರೆಸರ್ ಇರಲಿಲ್ಲ. ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಒಂದು ಕಾಫಿ ಲೋಟದಷ್ಟು ನೀರು. ಆಮೇಲೆ 12 ಲೀಟರಿನದ್ದು ತಂದು, ಒದ್ದೆ ಬಟ್ಟೆ ಇದ್ದ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆವು. ಬೆಳಗಾಗುವಷ್ಟರಲ್ಲಿ ಟ್ಯಾಂಕ್ ತುಂಬಿ ಕೆಂಪು ದೀಪ ಹತ್ತಿತ್ತು. ನನ್ನ ಜೀನ್ಸ್‌ನ ಸೊಂಟಪಟ್ಟಿ ಕೂಡ ಒಣಗಿತ್ತು!

ಗ್ಯಾರೇಜು, ಹೀಟಿಂಗ್ ಇಲ್ಲದ ಕೋಣೆ, ಇಂಥ ಕಡೆ ಮಾತ್ರ ಡೆಸಿಕೆಂಟ್ ಮೆಷಿನ್ (ತೇವ ಹೀರುವ ವಸ್ತು ಒಳಗಿರುವಂಥದ್ದು) ನೋಡಿ. ಕಂಪ್ರೆಸರ್ 15 ಡಿಗ್ರಿಗಿಂತ ಕೆಳಗೆ ಸೊರಗುತ್ತದೆ, ಡೆಸಿಕೆಂಟ್ ಆ ಚಳಿಯಲ್ಲೂ ದುಡಿಯುತ್ತದೆ. ಆದರೆ ಕರೆಂಟ್ ಜಾಸ್ತಿ ತಿನ್ನುತ್ತದೆ. 200 ವ್ಯಾಟಿನ ಕಂಪ್ರೆಸರ್ 5 ಗಂಟೆ ಓಡಿದರೆ ಒಂದು ಯೂನಿಟ್ ಅಷ್ಟೇ.

ಜೊತೆಗೆ ಹತ್ತು ಪೌಂಡಿನೊಳಗೆ ಸಿಗುವ ಒಂದು ಹೈಗ್ರೋಮೀಟರ್, ಅಂದರೆ ಗಾಳಿಯ ತೇವಾಂಶ ಅಳೆಯುವ ಮೀಟರ್, ತಗೊಳ್ಳಿ. ಮೆಷಿನ್‌ನಿಂದ ದೂರ, ತೀರಾ ಥಂಡಿ ಇರುವ ಮೂಲೆಯಲ್ಲಿಡಿ. ಶೇ 50ರಿಂದ 55 ತೋರಿಸಿದರೆ ಸರಿಯಾಗಿದೆ. ಒಂದು ವಾರ ದಿನವಿಡೀ ಓಡಿಸಿದರೂ 65ರಿಂದ ಕೆಳಗಿಳಿಯದಿದ್ದರೆ ಮೆಷಿನ್ ಚಿಕ್ಕದಾಯಿತು, ಇಲ್ಲವೇ ಎಲ್ಲೋ ಸೋರುತ್ತಿದೆ. ಬಿಲ್ ಎಸೆಯಬೇಡಿ, ವಾಪಸ್ ಕೊಡುವ ದಿನ ಮುಗಿಯುವ ಮೊದಲೇ ಇದನ್ನು ನೋಡಿಕೊಳ್ಳಿ. ಬೀರುವನ್ನಂತೂ ಇವತ್ತೇ ಹೊರಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ.