ಎನ್‌ಎಂಎಂಎಸ್ ತಯಾರಿ: ತಪ್ಪು ಉತ್ತರ ಓದಲು ಶುರು ಮಾಡಿದ ಮೇಲೆ

"ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ಹತ್ತುವುದಿಲ್ಲ" ಎಂಬ ಮಾತು, ಕಡಿಮೆ ಆದಾಯದ ಮನೆಯ ಎಂಟನೇ ತರಗತಿ ಮಕ್ಕಳಿಗಿರುವ ವಿದ್ಯಾರ್ಥಿವೇತನ ಪರೀಕ್ಷೆ ಎನ್‌ಎಂಎಂಎಸ್ ಬಗ್ಗೆ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ ಕಡೆಯ ಸ್ಟಾಫ್‌ರೂಮುಗಳಲ್ಲಿ ಹೊಸದಲ್ಲ. ನಾನು ತಯಾರಿ ಮಾಡಿಸಿದ ಮೂರನೇ ವರ್ಷ ಇಪ್ಪತ್ತೆರಡರಲ್ಲಿ ಐದು ಮಕ್ಕಳು ಆಯ್ಕೆ ಪಟ್ಟಿಗೆ ಬಂದರು, ಮಾತು ನಿಂತಿತು. ಪರೀಕ್ಷೆಯ ಚೌಕಟ್ಟು ಎಲ್ಲರಿಗೂ ಗೊತ್ತಿರುವುದೇ: ಬುದ್ಧಿಶಕ್ತಿ ಅಳೆಯುವ ಮ್ಯಾಟ್‌ಗೆ 90 ಪ್ರಶ್ನೆ, ಪಾಠದ ವಿಷಯಗಳ ಸ್ಯಾಟ್‌ಗೆ 90, ತಲಾ 90 ನಿಮಿಷ. ಅದನ್ನು ಬಿಟ್ಟು ಕೆಲಸದ ಸಂಗತಿಗೆ ಬರುತ್ತೇನೆ.

ಮೊದಲ ವರ್ಷದ ದುಡ್ಡು ನೀರಿಗೆ ಹೋಯಿತು. ಮಂಗಳೂರಿನಿಂದ ತಂದ ಗೈಡುಗಳಿಗೇ ಎರಡು ಸಾವಿರದಷ್ಟು. ಮ್ಯಾಟ್ ಭಾಗ ಅಡ್ಡಿಯಿಲ್ಲ. ಸ್ಯಾಟ್ ಮಾತ್ರ ಬೇರೆಯವರ ಅಳತೆಗೆ ಹೊಲಿದ ಅಂಗಿ: ಕರ್ನಾಟಕ ಪಠ್ಯದ ಗೈಡು ಕಿತ್ತೂರಿನ ಸುತ್ತ ತಿರುಗುತ್ತದೆ, ಕೇರಳ ಪಠ್ಯ ಓದುವ ನಮಗೆ ಬೇಕಾದದ್ದು ವಯನಾಡಿನಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಪಳಶ್ಶಿ ರಾಜ. ಪದಗಳ ಕಾಟ ಇನ್ನೊಂದು: ಗೈಡಿನಲ್ಲೊಂದು, ನಮ್ಮ ಪುಸ್ತಕದಲ್ಲೊಂದು. ವೇಗೋತ್ಕರ್ಷ ಎಂದರೂ ತ್ವರಣ ಎಂದರೂ ಒಂದೇ ಎಂದು ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವ ಮಗುವಿಗೆ ಹೇಳಿಕೊಡುವವರು ಯಾರು? ಕೊನೆಗೆ ಎರಡು ಕಾಲಂ ಎಳೆದು ಜೋಡಿ ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಸುಮಾರು ನೂರೈವತ್ತು ಪದ ಆದೀತು.

ಎರಡನೇ ವರ್ಷ ವಾರಕ್ಕೊಂದು ಮಾದರಿ ಪರೀಕ್ಷೆ ಇಟ್ಟೆ, ಅಂಕ ಬರೆದು ಹಚ್ಚಿದೆ. ಶೂನ್ಯ ಲಾಭ. ನಾಲ್ಕು ಆಯ್ಕೆಯ 90 ಪ್ರಶ್ನೆಗೆ ಕಣ್ಣುಮುಚ್ಚಿ ತುಂಬಿದರೂ 22-23 ಸರಿಯಾಗುತ್ತದೆ. 25 ಅಂಕ ತಂದ ಮಗು ಏನು ಕಲಿತಿದೆ ಎಂದು ಅದರಿಂದ ತಿಳಿಯುವುದಿಲ್ಲ. ತಪ್ಪಿಗೆ ಅಂಕ ಕಳೆಯುವ ಋಣಾಂಕ ಇಲ್ಲದ್ದರಿಂದ ನಿಜವಾದ ಪರೀಕ್ಷೆಯಲ್ಲಿ ಎಲ್ಲವನ್ನೂ ತುಂಬಲೇಬೇಕು. ಅಭ್ಯಾಸದಲ್ಲೂ ತುಂಬಲಿ, ಆದರೆ ಊಹಿಸಿದ್ದಕ್ಕೆ ಸಂಖ್ಯೆಯ ಎಡಕ್ಕೆ ಒಂದು ಚುಕ್ಕಿ. ಚುಕ್ಕಿ ಇರುವ ಸರಿ ಉತ್ತರವನ್ನು ನಾನು ಎಣಿಸುವುದಿಲ್ಲ.

ಅಸಲು ಕೆಲಸ ಆಮೇಲಿನದು. ಒಟ್ಟು ಅಂಕದಲ್ಲಿ ಮೇಲಿನ ಆರು, ಕೆಳಗಿನ ಆರು ಹಾಳೆ ಬೇರೆ ತೆಗೆದು, ಪ್ರತಿ ಪ್ರಶ್ನೆಗೆ ಯಾರು ಎ, ಯಾರು ಬಿ ಎಂದು ಗೆರೆ ಹಾಕಿ. ಮೇಲಿನವರೇ ಹೆಚ್ಚು ತಪ್ಪಿದ್ದರೆ ದೋಷ ಪ್ರಶ್ನೆಯಲ್ಲಿ, ಕೀ ಉತ್ತರದಲ್ಲಿ ಅಥವಾ ಅನುವಾದದಲ್ಲಿ. ಅದನ್ನು ಕಿತ್ತು ಹಾಕಿ. ಹತ್ತು ಮಂದಿ ಒಂದೇ ತಪ್ಪು ಆಯ್ಕೆಗೆ ಬಿದ್ದಿದ್ದರೆ ಮರುದಿನದ ಪಾಠ ಅದೇ. ಯಾರೂ ಮುಟ್ಟದ ಆಯ್ಕೆ ದಂಡ, ಬದಲಿಸಬೇಕು. ಬದಲಿಗೆ ಏನು ಹಾಕುವುದು? ಅದೇ ಪ್ರಶ್ನೆಯನ್ನು ಆಯ್ಕೆ ಕೊಡದೆ ಏಳನೇ ತರಗತಿಗೆ ಕೇಳಿ. ಅವರು ಬರೆಯುವ ತಪ್ಪುಗಳಷ್ಟು ಒಳ್ಳೆಯ ಬಲೆ ಯಾವ ಗೈಡಿನಲ್ಲೂ ಸಿಗದು. ಹೀಗೆ ಸೋಸಿ ಉಳಿದ ಮೂವತ್ತು ಪ್ರಶ್ನೆ ನನ್ನಲ್ಲಿವೆ. ಅವು ಇಲ್ಲಿ ಬೇಡ.

ಖರ್ಚು: ಪ್ರಶ್ನೆಪತ್ರಿಕೆ ಸಹಿತ ಫೊಟೊಸ್ಟಾಟ್ ಒಂದು ಪರೀಕ್ಷೆಗೆ ಮುನ್ನೂರು ರೂಪಾಯಿ ತಿನ್ನುತ್ತಿತ್ತು. ಪತ್ರಿಕೆಯ ಮೇಲೆ ಬರೆಯಬಾರದೆಂದು ಕಟ್ಟುನಿಟ್ಟು ಮಾಡಿ, ರಫ್‌ಗೆ ಹಳೆ ಕಾಗದ ಕೊಟ್ಟು, ಒಎಂಆರ್ ಹಾಳೆಯನ್ನಷ್ಟೇ (ಬಬಲ್ ಎಂಬ ಸಣ್ಣ ವೃತ್ತ ತುಂಬುವ ಉತ್ತರ ಹಾಳೆ) ಕಾಪಿ ಮಾಡಿಸಿದರೆ ಮೂವತ್ತೈದಕ್ಕೆ ಮುಗಿಯಿತು. ತಿದ್ದಲು ಹಳೆ ಎಕ್ಸ್‌ರೇ ಫಿಲಂ: ಸರಿ ಉತ್ತರದ ಜಾಗಕ್ಕೆ ತೂತು ಹಾಕಿ ಹಾಳೆಯ ಮೇಲೆ ಇಡುವುದು. ಆಫೀಸಿನ ಪಂಚ್ ನಡುವಿನ ಸಾಲಿಗೆ ಎಟುಕದು. ಬೆಲ್ಟಿಗೆ ತೂತು ಹಾಕುವ ಉಳಿಯೇ ಬೇಕು. ಫಿಲಂ ಇಡುವ ಮೊದಲು ಎರಡೆರಡು ಬಬಲ್ ತುಂಬಿದ ಸಾಲುಗಳಿಗೆ ಕೆಂಪು ಗೆರೆ ಎಳೆಯಿರಿ. ಇಲ್ಲದಿದ್ದರೆ ತೂತಿನಲ್ಲಿ ಕಪ್ಪು ಕಂಡು ಅಂಕ ಕೊಟ್ಟುಬಿಡುತ್ತೀರಿ. ಫೋನಿನ ಸ್ಕ್ಯಾನಿಂಗ್ ಆಪ್ ಕೂಡ ನೋಡಿಯಾಯಿತು. ಫೊಟೊಸ್ಟಾಟಿನಲ್ಲಿ ಮೂಲೆಯ ಕಪ್ಪು ಚೌಕ ಕತ್ತರಿಸಿ ಹೋದರೆ ಅದು ಹಾಳೆಯನ್ನೇ ಗುರುತಿಸದು, ಕೈಯ ನೆರಳು ಬಿದ್ದರೂ ತಕರಾರು. ಇಪ್ಪತ್ತು ಹಾಳೆಗೆ ಫಿಲಮ್ಮೇ ಬೇಗ.

ಸಾಲು ತಪ್ಪುವುದೇ ಅತಿ ದುಬಾರಿ ತಪ್ಪು. 37ನ್ನು ಬಿಟ್ಟು 38ರ ಉತ್ತರವನ್ನು 37ಕ್ಕೆ ತುಂಬಿದರೆ ಅಲ್ಲಿಂದ ಕೆಳಗೆ ಎಲ್ಲ ಹೋಯಿತು. ಪ್ರತಿ ಹತ್ತಕ್ಕೊಮ್ಮೆ ನಿಂತು ಸಂಖ್ಯೆ ತಾಳೆ ನೋಡುವುದನ್ನು ರೂಢಿ ಮಾಡಿಸಿ. ಬಬಲ್ ತುಂಬಲಿಕ್ಕೇ ಎಂಟೊಂಬತ್ತು ನಿಮಿಷ ಬೇಕು, ಹಾಗಾಗಿ ಕೊನೆಗೆ ಒಟ್ಟಿಗೆ ತುಂಬುವ ಆಟ ಬೇಡ. ಅಕ್ಷರ ಸರಣಿಗೆ ಇಜೆಒಟಿವೈ (E, J, O, T, Y ಅಕ್ಷರಗಳ ಸ್ಥಾನ 5, 10, 15, 20, 25) ಬಾಯಿಪಾಠ ಇದ್ದರೆ ಸಾಕು.

ಪಾಸಿಗೆ ಎರಡೂ ಪತ್ರಿಕೆ ಸೇರಿ 180ರಲ್ಲಿ 72, ಎಸ್‌ಸಿ-ಎಸ್‌ಟಿ ಮಕ್ಕಳಿಗೆ 58. ಆದರೆ ಪಟ್ಟಿಗೆ ಬರಲು ಅದು ಸಾಲದು. ನಾನು ನೂರರ ಮೇಲೆ ಗುರಿ ಇಡಿಸುತ್ತೇನೆ. ವರ್ಷಕ್ಕೆ 12,000ದಂತೆ ನಾಲ್ಕು ವರ್ಷ ಅಂದರೆ ಸಣ್ಣ ಮೊತ್ತವಲ್ಲ. ಅದು ಕೈತಪ್ಪುವುದು ಹೆಚ್ಚಾಗಿ ಹೆಸರಿನಿಂದ: ಶಾಲೆಯ ಆನ್‌ಲೈನ್ ದಾಖಲೆಯಾದ ‘ಸಂಪೂರ್ಣ’ದಲ್ಲಿ ಒಂದು ಸ್ಪೆಲಿಂಗ್, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮೂರನೆಯದು. ಮೂರನ್ನೂ ಜೂನಿನಲ್ಲೇ ಹರಡಿ ಕುಳಿತುಕೊಳ್ಳಿ. ವಿಲೇಜ್ ಆಫೀಸಿನ ಆದಾಯ ಪತ್ರಕ್ಕೂ ಆಗಲೇ ಅರ್ಜಿ ಹಾಕಿಸಿ.