ಕಾಫಿ ಕೊಯ್ಲಿನ ಜೊತೆ ಏರಿಳಿಯುವ ನಮ್ಮ ದಾಖಲಾತಿ

ದಕ್ಷಿಣ ಕೊಡಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ನಾನು ಬಂದಾಗ ಹಾಜರಿ ಪುಸ್ತಕದಲ್ಲಿದ್ದದ್ದು 11 ಹೆಸರು. ಸ್ವಲ್ಪ ಅನುಕೂಲ ಇರುವವರ ಮಕ್ಕಳೆಲ್ಲ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ. ಎರಡನೇ ವರ್ಷ ದಾಖಲಾತಿ ಆಂದೋಲನ ಅಂತ ಬ್ಯಾನರ್ ಹಿಡಿದು, ಮಕ್ಕಳಿಂದ ಘೋಷಣೆ ಕೂಗಿಸಿ ರಸ್ತೆಯುದ್ದಕ್ಕೂ ನಡೆದೆವು. ಒಬ್ಬರೂ ಸೇರಲಿಲ್ಲ. ಸೇರುವುದಾದರೂ ಹೇಗೆ? ಶಾಲೆಗೆ ಬರದ ಮಕ್ಕಳಿದ್ದದ್ದು ರಸ್ತೆಯಲ್ಲಲ್ಲ, ಕಾಫಿ ತೋಟದೊಳಗೆ ಕೂಲಿಯವರು ಇರುವ ಲೈನ್‌ಮನೆಗಳಲ್ಲಿ.

ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಶುರುವಾದ ಮೇಲೆ ಅಲ್ಲಿಗೆ ಹೋದೆ. ಹಗಲು ಹೋದರೆ ಯಾರೂ ಸಿಗುವುದಿಲ್ಲ, ಸುಮ್ನೆ ವಾಪಸ್. ಸಂಜೆ ಕಾಫಿ ತೂಕ ಹಾಕುವ ಹೊತ್ತಿಗೆ ಹೋಗಬೇಕು, ಅದೂ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮೊದಲೇ ಮಾತಾಡಿಕೊಂಡು. ಅಸ್ಸಾಮಿನಿಂದ ಬಂದವರು, ತಮಿಳು ಮಾತಾಡುವವರು, ಪಕ್ಕದಲ್ಲೇ ಇಲ್ಲಿಯದೇ ಆದಿವಾಸಿಗಳಾದ ಯರವರ ಮನೆಗಳು. ಎಂಟು ವರ್ಷದ ಹುಡುಗಿಯೊಬ್ಬಳು ಸೊಂಟದ ಮೇಲೆ ತಂಗಿಯನ್ನು ಕೂರಿಸಿಕೊಂಡು ನಿಂತಿದ್ದಳು. ಯಾಕೆ ಕಳಿಸಲ್ಲ ಅಂತ ಕೇಳಿದ್ದಕ್ಕೆ ಅವಳಮ್ಮ ಮುರುಕು ಕನ್ನಡದಲ್ಲಿ, "ಟೀಚರ್, ಮಗು ಯಾರು ನೋಡೋದು?" ಅಂದರು. ಶಿಕ್ಷಣದ ಮಹತ್ವ ಅಂತ ಶುರು ಮಾಡೋಕೆ ಬಾಯಿ ಬರಲಿಲ್ಲ. ತಂಗಿಯನ್ನೂ ಎತ್ತಿಕೊಂಡು ಬಾ ಅಂದೆ. ಆಮೇಲೆ ಅಂಗನವಾಡಿಯವರನ್ನು ಕೇಳಿಕೊಂಡು ಪುಟ್ಟದನ್ನು ಅಲ್ಲಿ ಬಿಟ್ಟೆವು.

ಕಾಗದದ ವಿಷಯಕ್ಕೆ ಹೆದರಬೇಡಿ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್‌ನಲ್ಲೇ ಇದೆ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹಾಗಾಗಿ ಒಂದಕ್ಷರ ಬಾರದ ಈ ಹುಡುಗಿ ನೇರ ಮೂರನೇ ತರಗತಿ!

ಇಲ್ಲಿ ನಮ್ಮನ್ನು ಕಾಪಾಡಿದ್ದು ನಲಿ-ಕಲಿ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಒಂದು, ಎರಡು, ಮೂರು ಎಲ್ಲ ಒಟ್ಟಿಗೆ 'ತಟ್ಟೆ' ಅನ್ನುವ ಗುಂಪುಗಳಲ್ಲಿ ಕೂರುತ್ತಾರೆ, ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ, ಅಂದರೆ ಪಾಠದ ಹಂತಗಳ ಪಟ್ಟಿಯಲ್ಲಿ, ತನ್ನ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ಅವಳು ನಲಿ-ಕಲಿಯ ಮೊದಲ ಅಕ್ಷರಗಳಾದ 'ರ ಗ ಸ ದ ಅ' ತಿದ್ದುತ್ತಿದ್ದರೆ ಯಾರೂ ನಗಲಿಲ್ಲ, ಪಕ್ಕದವನೂ ಅದನ್ನೇ ತಿದ್ದುತ್ತಿದ್ದ.

ಒಂದು ದಿನ ಗೋಡೆಯ ಕೆಳಗಿನ ಹಲಗೆಯಲ್ಲಿ ನೀರು, ತಣ್ಣಿ, ವೆಳ್ಳಂ, ಪಾನಿ ಅಂತ ಬರೆದೆ, ಎಲ್ಲ ಕನ್ನಡ ಅಕ್ಷರದಲ್ಲೇ. ಯರವರ ಹುಡುಗ, ವರ್ಷಗಟ್ಟಲೆ ತುಟಿ ಬಿಚ್ಚದವನು, ಎದ್ದು ಬಂದು "ನಮ್ದು ಬರ್ದಿಲ್ಲ" ಅಂದ. ಅವನು ಹೇಳಿದ, ಬರೆದೆ. ದೂರದಿಂದ ಬಂದವರ ಮಾತು ಕೇಳಿ ತಿಳಿದುಕೊಂಡಿದ್ದೆ, ಇದೇ ಊರಿನವನದ್ದನ್ನು ಒಮ್ಮೆಯೂ ಕೇಳಿರಲಿಲ್ಲ ನೋಡಿ.

ಎಲ್ಲರಿಗೂ ಇದು ಹಿಡಿಸಿತು ಅಂತಲ್ಲ. "ಲೈನಿನ ಮಕ್ಕಳೇ ಜಾಸ್ತಿ ಆದ್ರು" ಅಂತ ಇಬ್ಬರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಡೆಯೋಕೆ ಹೋಗಿ ಜಗಳವಾಡಿದೆ, ಅದು ನನ್ನದೇ ತಪ್ಪು.

ಫೆಬ್ರವರಿಯಲ್ಲಿ 23 ಆಗಿದ್ದ ಸಂಖ್ಯೆ ಏಪ್ರಿಲ್ ಹೊತ್ತಿಗೆ 14. ಕೊಯ್ಲು ಮುಗಿದರೆ ಜನ ಟಿಸಿ ಕೇಳಿಕೊಂಡು ಕೂರುವುದಿಲ್ಲ, ರಾತ್ರಿ ಬಸ್ ಹತ್ತಿಬಿಡುತ್ತಾರೆ. ಅದಕ್ಕೇ ಈಗ ಮಾರ್ಚ್ ಬಂತೆಂದರೆ ಪ್ರತಿ ಮಗು ಏಣಿಯಲ್ಲಿ ತಲುಪಿದ ಮೈಲುಗಲ್ಲಿನ, ಅಂದರೆ ಹಂತದ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟಿರುತ್ತೇನೆ. ಇದುವರೆಗೆ ವಾಪಸ್ ಬಂದಿರುವುದು ಒಂದೇ ಚೀಟಿ. ಎಣ್ಣೆ ಕಲೆಯಾಗಿತ್ತು, ಆದರೂ ಓದಲು ಬಂತು: 7.